ಬಾವಿ ತೋರಿಸಿ

ನಮ್ಮ ಬಾವಿ ಈಗ ಹೆದ್ದಾರಿಯ ಕೆಳಗಿದೆ. ಮೇಲೆ ಕಾರುಗಳು ಓಡುತ್ತವೆ. ನಾವು ಟ್ಯಾಂಕರ್ ಬರುವ ದಿನ ಬಿಂದಿಗೆ ಸಾಲಿಗಿಟ್ಟು, ಗಾರ್ಮೆಂಟ್ಸ್‌ಗೆ ತಡವಾಗಿ ಹೋಗಿ ಬೈಸಿಕೊಳ್ಳುತ್ತೇವೆ.

ಅನುಗೊಂಡನಹಳ್ಳಿ ಹೋಬಳಿಯ ನಮ್ಮೂರಲ್ಲಿ ಊರಬಾವಿ ಬೇರೆ ಇತ್ತು. ಅದಕ್ಕೆ ನಮ್ಮ ಕೇರಿಯ ಹಗ್ಗ ಇಳಿಯುವಂತಿರಲಿಲ್ಲ. ನಮ್ಮಪ್ಪ ಆಂಜಿನಪ್ಪ ಹದಿನೆಂಟನೇ ವಯಸ್ಸಿಗೆ ಹಾರೆ ಹಿಡಿದು, ತಾತನ ಜೊತೆ ಎರಡು ಬೇಸಿಗೆ ಅಗೆದ. ನಲವತ್ತಡಿಗೆ ನೀರು ಬಂತು. ಕೇರಿಯ ಇಪ್ಪತ್ತೆರಡು ಮನೆ ಕುಡಿದವು.

ರಸ್ತೆಗೆ ಬಾವಿಯಿದ್ದ ನಮ್ಮ ಅರ್ಧ ಎಕರೆ ಹೋಯಿತು. ಪರಿಹಾರದ ಪಟ್ಟಿಯಲ್ಲಿ ಹುಣಸೆಮರ ಇತ್ತು, ದನ ಕಟ್ಟುವ ಕಲ್ಲೂ ಇತ್ತು. ಬಾವಿ ಇರಲಿಲ್ಲ. ತಕರಾರಿದ್ದರೆ ಮಧ್ಯಸ್ಥಗಾರರ ಹತ್ತಿರ ಹೋಗಿ ಅಂದರು. ಜಮೀನು ತಗೊಂಡಿದ್ದು ಸರ್ಕಾರ. ಮಧ್ಯಸ್ಥಗಾರರನ್ನು ನೇಮಿಸಿದ್ದೂ ಸರ್ಕಾರ.

"ಅವ್ರ ಮನೆಯೋನೇ ಪಂಚಾಯ್ತಿಗೆ ಕೂತಂಗಾಯ್ತಲ್ಲ ಸ್ವಾಮಿ?" ಅಂದ ಅಪ್ಪ.

"ಕಾನೂನು ಹಂಗೇ ಐತೆ ಆಂಜಿನಪ್ಪಾ," ಅಂದರು ನಮ್ಮ ವಕೀಲರು, ಉಮಾಶಂಕರ್.

ಮಧ್ಯಸ್ಥಗಾರ ಸಾಹೇಬರು ಸ್ಥಳ ಪರಿಶೀಲನೆಗೆ ಬರುವಷ್ಟರಲ್ಲಿ ಬಾವಿಗೆ ಮಣ್ಣು ತುಂಬಿ, ಜಲ್ಲಿ ಹಾಸಿಯಾಗಿತ್ತು. ಕಾರಿನ ಗಾಜು ಇಳಿಸಿ ನೋಡಿದರು. 'ಸ್ಥಳದಲ್ಲಿ ಬಾವಿ ಕಂಡುಬಂದಿಲ್ಲ' ಎಂದು ಬರೆದರು. ಸುಳ್ಳೇನಲ್ಲ.

ಕೋರ್ಟಿಗೆ ಹೋದೆವು. ನಾಲ್ಕು ವರ್ಷವಾದ ಮೇಲೆ, ರಸ್ತೆಗೂ ಮುಂಚೆ ನನ್ನ ಮದುವೆಯಲ್ಲಿ ಬಾವಿಕಟ್ಟೆ ಮುಂದೆ ತೆಗೆಸಿದ ಫೋಟೋ ನೋಡಿ, ಬಾವಿ ಇದ್ದದ್ದು ನಿಜ ಎಂದು ಜಡ್ಜು ಬರೆದರು. ಅಪ್ಪ ಕೈಮುಗಿದ. ಆಮೇಲೆ ಉಮಾಶಂಕರ್ ಉಳಿದದ್ದನ್ನೂ ಓದಿ ಹೇಳಿದರು.

"ಮಧ್ಯಸ್ಥಗಾರರ ತೀರ್ಪನ್ನ ಕೋರ್ಟು ರದ್ದು ಮಾಡ್ಬೋದು, ತಿದ್ದೋ ಹಂಗಿಲ್ಲ. ಸುಪ್ರೀಂ ಕೋರ್ಟೇ ಹೇಳೈತೆ. ಮತ್ತೆ ಅಲ್ಲಿಗೇ ಹೋಗ್ಬೇಕು."

"ಅಲ್ಲಿಗೇ ಅಂದ್ರೆ?"

"ಅದೇ ಆಫೀಸು. ಸಾಹೇಬ್ರು ಮಾತ್ರ ಹೊಸಬ್ರು."

ನನ್ನ ಸೋದರತ್ತೆ ಮುತ್ತಮ್ಮನಿಗೆ ರೇಗಿತು. "ತಪ್ಪು ಅಂತ ಗೊತ್ತಾದ್ಮೇಲೂ ತಿದ್ದಕಾಗಕಿಲ್ವಾ? ನಮ್ಮೂರ ಮೇಷ್ಟ್ರತ್ರಾನೂ ಒಂದು ಕೆಂಪು ಪೆನ್ನಿತ್ತು ಕಣಪ್ಪಾ!"

ಅರ್ಜಿ ಅದೇ ಆಫೀಸಿಗೆ ಹೋಗಿ ಕೂತಿತು. ಒಂದು ದಿನ ಉಮಾಶಂಕರ್ ನನಗೆ ಫೋನ್ ಮಾಡಿದರು.

"ಸಂಘಮಿತ್ರಾ, ಸಿಹಿ ಸುದ್ದಿ! ಸುಪ್ರೀಂ ಕೋರ್ಟಿನ ದೊಡ್ಡ ಪೀಠ ಬೇರೆ ಥರ ಹೇಳೈತೆ. ಕೆಲವು ಕೇಸಲ್ಲಿ ಕೋರ್ಟೇ ತಿದ್ದಬೋದಂತೆ."

"ನಮ್ದು ಸಾರ್?"

"ನಿಮ್ದು ಆಗ್ಲೇ ವಾಪಸ್ ಹೋಗೈತಲ್ಲಮ್ಮಾ. ಮುಂದೆ ಬರೋರಿಗೆ ಅನುಕೂಲ."

ಮುಂದೆ ಬರುವವರಿಗಾಗಿ ನಾವು ಸಂತೋಷಪಟ್ಟೆವು.

ಹೊಸ ಸಾಹೇಬರು ಬಹಳ ಮರ್ಯಾದಸ್ಥರು. ಅಪ್ಪನಿಗೆ ಕುರ್ಚಿ ಹಾಕಿಸಿ, ನೀರಿನ ಬಾಟಲಿ ಕೊಟ್ಟರು.

"ಬಾವಿ ಇತ್ತು ಅಂತ ಕೋರ್ಟ್ ಹೇಳಿದೆ, ಒಪ್ಪಿದೆ. ಆದ್ರೆ ಆಳ, ಅಗಲ ಅಳೀದೆ ನಾನು ಹೇಗೆ ಬರೀಲಿ? ಬಾವಿ ತೋರಿಸಿ."

"ಅದ್ರ ಮೇಲೆ ನೀವೇ ರಸ್ತೆ ಮಾಡಿದ್ದೀರಲ್ಲ ಸ್ವಾಮಿ."

"ತೋರಿಸೋದು ನಿಮ್ಮ ಜವಾಬ್ದಾರಿ."

ಅಪ್ಪ ಬಾಟಲಿಯನ್ನು ಮುಚ್ಚಳ ತೆಗೆಯದೆ ಮೇಜಿನ ಮೇಲಿಟ್ಟು ಎದ್ದ.

ಭಾನುವಾರ ಬೆಳಗ್ಗೆ ಇಪ್ಪತ್ತೆರಡು ಮನೆಯವರೂ ಹೆದ್ದಾರಿ ಹತ್ತಿದೆವು. ಗಂಡಸರು ಕೆಂಪು ಸೀರೆ ಅಡ್ಡ ಹಿಡಿದು ಕಾರುಗಳನ್ನು ನಿಲ್ಲಿಸಿದರು. ಅಪ್ಪ ಉಳಿದ ಬದುವಿನಿಂದ ಹೆಜ್ಜೆ ಎಣಿಸುತ್ತಾ ಬಂದು ಒಂದು ಕಡೆ ನಿಂತ. ಮುತ್ತಮ್ಮತ್ತೆ ಹಗ್ಗ ಕಟ್ಟಿದ ಬಿಂದಿಗೆಯನ್ನು ಅಲ್ಲೇ ಇಳಿಸಿದಳು. ಟಾರಿಗೆ ತಾಗಿ ಠಣ್ ಅಂತು.

ಹಾರನ್ನುಗಳ ನಡುವೆ ಪೊಲೀಸ್ ಜೀಪು ಬಂತು.

"ಏನ್ರೀ ಇದು, ನಡುರಸ್ತೇಲಿ?"

"ಸ್ಥಳ ಪರಿಶೀಲನೆ ಸ್ವಾಮಿ. ಸಾಹೇಬ್ರು ಬಾವಿ ತೋರ್ಸು ಅಂದವ್ರೆ," ಅಂದ ಅಪ್ಪ.

ಪೊಲೀಸಿನವನು ಹಿಂದೆ ಬೆಳೆಯುತ್ತಿದ್ದ ಕಾರಿನ ಸಾಲು ನೋಡಿದ. "ಎಷ್ಟೊತ್ತಾಗುತ್ತೆ?"

ಅಪ್ಪ ಹಾರೆ ಎತ್ತಿದ.

"ಹೋದ ಸಲ ಎರಡು ಬೇಸಿಗೆ ಹಿಡಿದಿತ್ತು."