ಕಡೇ ಗಳಿಗೆಯ ದರ

"ಇನ್ನೊಂಚೂರು ಎತ್ತೋ ಫಿಂಟನ್, ನಿನ್ನ ಕಡೆ ವಾಲ್ತಿದೆ!"

"ಎತ್ತೋಕೆ ಈ ವಯಸ್ಸಲ್ಲಿ ಇನ್ನೂ ಬೆಳೀಬೇಕಾ ನಾನು?" ಎನ್ನುತ್ತ ಕುಳ್ಳ ಫಿಂಟನ್ ಶವಪೆಟ್ಟಿಗೆಯ ಕೆಳಗೆ ಹೆಗಲು ತುರುಕಿದ. "ಮ್ಯಾಲಕಿ ಬದುಕಿದ್ದಾಗಲೂ ಹೀಗೇ. ಭಾರವೆಲ್ಲ ನನ್ನ ಮೇಲೆ."

ಚರ್ಚಿನ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಗ್ರೋನ್ಯ ನಕ್ಕುಬಿಟ್ಟಳು. ಪೆಟ್ಟಿಗೆಯೊಳಗೆ ಮಲಗಿದ್ದವನು ಅವಳ ಅಪ್ಪ, ಬುಕ್ಕಿ ಮ್ಯಾಲಕಿ ಟೂಹಿ. ಐರ್ಲೆಂಡಿನ ದಕ್ಷಿಣದ ಕುದುರೆ ರೇಸುಗಳಲ್ಲೆಲ್ಲ ಸ್ಟೂಲಿನ ಮೇಲೆ ನಿಂತು ಬಾಜಿ ಹಿಡಿದವನು. ಪಕ್ಕದ ಸ್ಟೂಲು ಯಾವಾಗಲೂ ಫಿಂಟನ್‌ನದು.

ಪೆಟ್ಟಿಗೆ ಹೊರಟಿತು. ಹಿಂದೆ ಇಬ್ಬರು ಹೆಂಗಸರ ಪಿಸುಮಾತು.

"ಕ್ವರ್ಕ್ ಬಂದಿದಾನೆ ನೋಡೇ."

"ಬರದೆ? ಮ್ಯಾಲಕಿ ಹತ್ರ ಕೊನೇವರೆಗೂ ಬಾಜಿ ಕಟ್ಟಿದವನು."

"ಅಂಥವನ ದುಡ್ಡು ಇವನು ಹ್ಯಾಗೆ ಮುಟ್ಟಿದ್ನೋ!"

"ಮಗಳ ಔಷಧಿ, ನೋಡ್ಕೊಳ್ಳೋಕೊಬ್ಬಳು ನರ್ಸು. ಬೇಡ ಅನ್ನೋ ಹಾಗಿತ್ತಾ?"

*

ವರ್ಷಗಳ ಹಿಂದೆ, ಗ್ರೋನ್ಯ ಇನ್ನೂ ಜಾಕಿಯಾಗಿದ್ದಾಗ, ಆ ದಿನ ಅವಳು ಏರಿದ್ದು ಕ್ವರ್ಕ್‌ನ ಲಾಯದ ಕುದುರೆ. ಗೆಲ್ಲುವುದು ಅದೇ ಎಂದು ಊರೆಲ್ಲ ನಂಬಿತ್ತು. ಮ್ಯಾಲಕಿ ಅದಕ್ಕೆ ಒಂದಕ್ಕೆ ಒಂದರಷ್ಟೇ ದರ ಬರೆದಿದ್ದ; ಗೆದ್ದರೆ ಕಟ್ಟಿದಷ್ಟೇ ಲಾಭ. ಓಟ ಶುರುವಾಗಲು ಸ್ವಲ್ಪವೇ ಹೊತ್ತಿರುವಾಗ, ಹಣವೆಲ್ಲ ಇದ್ದಕ್ಕಿದ್ದಂತೆ ಇನ್ನೊಂದು ಕುದುರೆಯ ಮೇಲೆ ಬೀಳತೊಡಗಿತು. ಬುಕ್ಕಿಗೆ ಇದು ಹೊಸದಲ್ಲ. ಹಣ ಬಿದ್ದ ಕುದುರೆಯ ದರ ಇಳಿಸಬೇಕು, ಬೀಳದಿದ್ದುದರ ದರ ಏರಿಸಿ ಜನರನ್ನು ಅತ್ತ ಎಳೆಯಬೇಕು. ಇಲ್ಲದಿದ್ದರೆ ಒಂದೇ ಓಟಕ್ಕೆ ಮನೆ ಮುಳುಗುತ್ತದೆ. ಅವನ ಕೈ ತಾನಾಗಿಯೇ ಮಗಳ ಕುದುರೆಯ ಅಂಕಿ ಅಳಿಸಿ ಎರಡು ಬರೆಯಿತು. ಆಮೇಲೆ ಮೂರು. ಫಿಂಟನ್ ಆಗಲೇ ನಾಲ್ಕು ಬರೆದಿದ್ದ.

ಆಗ ಮ್ಯಾಲಕಿ ನೋಟು ಚಾಚಿದವರ ಮುಖ ನೋಡಿದ. ಒಬ್ಬ ಕ್ವರ್ಕ್‌ನ ಭಾವಮೈದ. ಇನ್ನೊಬ್ಬ ಅವನ ಕುದುರೆಗಳಿಗೆ ಲಾಳ ಹೊಡೆಯುವವನು.

"ಫಿಂಟನ್, ಇವರು ತಮ್ಮ ಕುದುರೆ ಬಿಟ್ಟು ಬೇರೇದಕ್ಕೆ ಕಟ್ತಿದಾರೆ ಕಣೋ. ಅದರ ಕಾಲಿಗೇನೋ ಆಗಿದೆ."

"ಮೊದಲು ದರ ಏರಿಸು ಮಾರಾಯ."

"ಅದರ ಮೇಲೆ ನನ್ನ ಮಗಳಿದಾಳೆ!"

ಮ್ಯಾಲಕಿ ಸ್ಟೂಲಿನಿಂದ ಹಾರಿ ರೇಸಿನ ಅಧಿಕಾರಿಯ ಹತ್ತಿರ ಓಡಿದ. ಆ ಮನುಷ್ಯ ನಕ್ಕ. "ಬೆಳಿಗ್ಗೆ ಕುದುರೆ ಡಾಕ್ಟ್ರು ನೋಡಿದಾರೆ ಮ್ಯಾಲಕಿ. ಅದು ಗೆದ್ರೆ ಕಟ್ಟಿದವರಿಗೆಲ್ಲ ದುಡ್ಡು ಕೊಡಬೇಕಾಗುತ್ತೆ ಅಂತ ತಾನೆ ಈ ಕೂಗಾಟ?"

"ನಿಲ್ಸಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಯಾರೂ ನಿಲ್ಲಿಸಲಿಲ್ಲ. ಅವನು ಬೇಲಿಗೆ ಒರಗಿ ಎರಡೂ ಕೈ ಎತ್ತಿ ಬೀಸಿದ. ದೂರದಲ್ಲಿ ಕುದುರೆಯ ಮೇಲಿದ್ದ ಗ್ರೋನ್ಯ, ಅಪ್ಪ ಹುರಿದುಂಬಿಸುತ್ತಿದ್ದಾನೆಂದುಕೊಂಡು ಚಾಟಿ ಎತ್ತಿ ತಾನೂ ಬೀಸಿದಳು. ಓಟ ಶುರುಮಾಡುವ ಬಾವುಟ ಇಳಿಯಿತು.

ಹಾರಬೇಕಾದ ಕೊನೆಯ ತಡೆಬೇಲಿಯಲ್ಲಿ ಕುದುರೆಯ ಮುಂಗಾಲು ಮಡಚಿತು. ಅದರಡಿ ಸಿಕ್ಕಿದ ಗ್ರೋನ್ಯ ಮತ್ತೆ ಎದ್ದು ನಡೆಯಲಿಲ್ಲ. ಕುದುರೆಯನ್ನು ಅಲ್ಲೇ ಗುಂಡಿಟ್ಟು ಕೊಂದರು. ಕಾಲು ಮುರಿದದ್ದು ಬಿದ್ದಾಗಲೇ ಎಂದು ಕ್ವರ್ಕ್ ಹೇಳಿದ. ಅಲ್ಲವೆನ್ನಲು ಯಾರ ಬಳಿಯೂ ಪುರಾವೆ ಇರಲಿಲ್ಲ.

*

"ಬೇಜಾರಿನ ವಿಷಯ ಗ್ರೋನ್ಯ." ಚರ್ಚಿನ ಬಾಗಿಲಲ್ಲಿ ಕ್ವರ್ಕ್ ಟೋಪಿ ತೆಗೆದು ಕೈ ಚಾಚಿ ನಿಂತಿದ್ದ.

"ಆ ಕುದುರೆ ಕಾಲು ಮೊದಲೇ ನೋಯ್ತಿತ್ತು ಅಂತ ನಿಮಗೆ ಗೊತ್ತಿತ್ತಾ?" ಇಷ್ಟು ವರ್ಷ ಅವಳು ಕೇಳಿರಲಿಲ್ಲ.

"ನಿಮ್ಮಪ್ಪ ಒಳ್ಳೇ ಮನುಷ್ಯ," ಎಂದ ಅವನು.

"ಕೈ ಕೊಡಮ್ಮ, ಜನ ನೋಡ್ತಿದಾರೆ," ತಾಯಿ ಅಸಂಪ್ಟಾ ಅವಳ ಕಿವಿಯಲ್ಲಿ ಹೇಳಿದಳು.

ಗ್ರೋನ್ಯ ಕೈ ಕೊಡದೆ ಚಕ್ರ ತಳ್ಳಿಕೊಂಡು ಮುಂದಾದಳು. ಸ್ಮಶಾನದ ಏರಿನ ಜಲ್ಲಿಯಲ್ಲಿ ಚಕ್ರಗಳು ಹೂತುಹೋದವು. ಅಸಂಪ್ಟಾ ಹಿಂದಿನಿಂದ ತಳ್ಳಿದಳು. ಆಗಲಿಲ್ಲ. ಕಸುವಿದ್ದ ಗಂಡಸರೆಲ್ಲ ಪೆಟ್ಟಿಗೆಯ ಕೆಳಗಿದ್ದರು. ಪೆಟ್ಟಿಗೆ ಫಿಂಟನ್‌ನ ಕಡೆಗೆ ವಾಲುತ್ತ ದೂರ ದೂರ ಹೋಗುತ್ತಿತ್ತು.

ಯಾರೋ ಕುರ್ಚಿಯ ಹಿಡಿ ಹಿಡಿದರು. ಚಕ್ರ ಜಲ್ಲಿಯಿಂದ ಎದ್ದಿತು.

"ಬಿಡಿ," ಎಂದಳು ಗ್ರೋನ್ಯ. ಗಾಳಿಯಲ್ಲಿ ಕೇಳಿಸಲಿಲ್ಲವೋ ಏನೋ. ಎರಡೂ ಕೈ ಬೇಕಾಗಿದ್ದರಿಂದ ಕ್ವರ್ಕ್ ತನ್ನ ಟೋಪಿಯನ್ನು ಅವಳ ಮಡಿಲಲ್ಲಿಟ್ಟು, ಏದುಸಿರು ಬಿಡುತ್ತ, ಅವಳನ್ನು ಅಪ್ಪನ ಹಿಂದೆ ಏರಿಗೆ ತಳ್ಳತೊಡಗಿದ.