ಹದಿಮೂರನೆಯ ಆಕ್ಷೇಪ

"ಈ ಹಾಳೆಗಳು ನನ್ನವು! ಪ್ರತಿಯೊಂದು ಸಾಲೂ ನಾನೇ ಬರೆದಿದ್ದು."

ಹ್ಯಾಮ್ ಬನ್ನಿನ ತಟ್ಟೆ ಇಡುತ್ತಿದ್ದ ಆರ್ಲಿಸ್ ತಿರುಗಿ ನೋಡಿದಳು. ಗಂಡ ಲೋವೆಲ್‌ನನ್ನು ಮಣ್ಣು ಮಾಡಿ ಬಂದು ಒಂದು ಗಂಟೆಯೂ ಆಗಿರಲಿಲ್ಲ. ಬಂದವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಗೋಡೆಯ ಪಕ್ಕ ನೆನಪಿನ ಮೇಜು: ಮದುವೆಯ ಫೋಟೋ, ಬೌಲಿಂಗ್ ಶೂ, ಡುಲೂತ್ ನಗರದ ನೀರಿನ ಘಟಕದಲ್ಲಿ ಮೂವತ್ತೊಂದು ವರ್ಷ ನೀರು ಪರೀಕ್ಷಿಸಿದ್ದಕ್ಕೆ ಸಿಕ್ಕ ಗಡಿಯಾರ. ನಿವೃತ್ತನಾದ ಮೇಲಿನ ಹದಿನಾಲ್ಕು ವರ್ಷ ಅವನು ಕಂಪ್ಯೂಟರಿನ ಮುಂದೆ ಮಾಡಿದ್ದೇನೆಂದು ತೋರಿಸಲು ಮಾತ್ರ ಆರ್ಲಿಸ್‌ಗೆ ಏನೂ ಸಿಕ್ಕಿರಲಿಲ್ಲ. ಕಡೆಗೆ ಅಡುಗೆಮನೆಯಲ್ಲಿ ಉಳಿದಿದ್ದ, ಅವನು ಕಂಪ್ಯೂಟರಿನಿಂದ ಮುದ್ರಿಸಿಕೊಂಡಿದ್ದ, ಪೆನ್ಸಿಲ್ ಗುರುತು ತುಂಬಿದ ಹಾಳೆಗಳ ಕಂತೆಯನ್ನೇ ತಂದಿಟ್ಟಿದ್ದಳು.

ಆ ಕಂತೆ ಹಿಡಿದು ನಿಂತಿದ್ದವಳಿಗೆ ಮೂವತ್ತರ ಆಸುಪಾಸು. ಮಂಜಿನ ಬೂಟನ್ನೂ ಬಿಚ್ಚಿರಲಿಲ್ಲ.

"ನಾನು ಐಲಾ ನಿಯೆಮಿ. ಥಂಡರ್ ಬೇಯಿಂದ ಬಂದೆ. ಲೋವೆಲ್ ಅವರನ್ನ ಒಂದು ಸಲಾನೂ ನೋಡಿಲ್ಲ."

"ಗಡಿ ದಾಟಿ ಬಂದ್ಯಾ? ಕೂತ್ಕೊ ಮಾರಾಯ್ತಿ, ಮೊದಲು ಕಾಫಿ ಕುಡಿ," ಎಂದ ಡ್ವೇನ್. ಅವನು ಆರ್ಲಿಸ್‌ಳ ತಂಗಿಯ ಗಂಡ, ಬಾಯಿ ಸುಮ್ಮನಿಟ್ಟವನಲ್ಲ. "ನೀನಾದ್ರೂ ಹೇಳು. ನಮ್ಮ ಷಡ್ಡಕ ಆ ಪೆಟ್ಟಿಗೆ ಮುಂದೆ ಕೂತು ಏನು ಕಡಿದು ಕಟ್ಟೆ ಹಾಕ್ತಿದ್ದ?"

"ಲಿನಕ್ಸ್ ಅಂತ ಇದೆ, ಕಂಪ್ಯೂಟರ್ ನಡೆಸೋ ತಂತ್ರಾಂಶ. ಯಾರು ಬೇಕಾದ್ರೂ ಪುಕ್ಕಟೆ ಹಾಕ್ಕೋಬಹುದು. ನಮ್ಮಂಥವರು ಬರೆದ ಪ್ರೋಗ್ರಾಮು ಅದರೊಳಗೆ ಸೇರ್ಬೇಕಂದ್ರೆ ಒಬ್ರು ಪರೀಕ್ಷಕರು ಸಾಲು ಸಾಲು ನೋಡಿ ಒಪ್ಪಬೇಕು. ನಾನು ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಒಂದು ಪ್ರೋಗ್ರಾಮು ಬರೆದಿದ್ದೆ. ದಿನದಿನದ ಚಳಿ ಎಷ್ಟು ಅಂತ ಕೊಟ್ರೆ ಸರೋವರದ ಮೇಲೆ ಎಷ್ಟು ದಪ್ಪ ಮಂಜುಗಡ್ಡೆ ಕಟ್ಟಿದೆ, ಅದರ ಮೇಲೆ ನಡೀಬಹುದೋ, ಟ್ರಕ್ ಇಳಿಸಬಹುದೋ ಹೇಳತ್ತೆ. ಲೋವೆಲ್ ಅದನ್ನ ಕೈಗೆ ತಗೊಂಡ್ರು. ಒಬ್ರು ತಗೊಂಡ ಮೇಲೆ ಇನ್ನೊಬ್ರು ಮುಟ್ಟೋ ಹಾಗಿಲ್ಲ. ಹನ್ನೆರಡು ಸಲ ವಾಪಸ್ ಕಳಿಸಿದ್ರು."

"ಹನ್ನೆರಡೇ? ನನ್ನ ಗ್ಯಾರೇಜಿನ ಬಾಗಿಲಲ್ಲಿ ಹದಿನೈದು ತಪ್ಪು ಹಿಡಿದಿದ್ದ ಪುಣ್ಯಾತ್ಮ."

ಐಲಾ ನಗಲಿಲ್ಲ. ಆರ್ಲಿಸ್‌ಳ ಕಡೆ ತಿರುಗಿ ದನಿ ತಗ್ಗಿಸಿದಳು.

"ಹೋದ ಮಂಗಳವಾರ ಅವರಿಗೊಂದು ಇಮೇಲ್ ಬರೆದೆ. ತಪ್ಪು ಹುಡುಕೋದು ಬಿಟ್ಟು ನಿಮಗೆ ಬೇರೆ ಏನೂ ಬರಲ್ವಾ, ಒಂದೇ ಒಂದು ಒಳ್ಳೆ ಮಾತು ಆಡಿದ್ದು ನೆನಪಿದೆಯಾ ಅಂತ. ಇನ್ನೂ ಕೆಟ್ಟದಾಗಿ ಬರೆದಿದ್ದೆ. ಅವರು ಹೋಗ್ಬಿಟ್ರು ಅಂತ ಗುರುವಾರ ಗೊತ್ತಾಯ್ತು. ಮಿಸೆಸ್ ಟ್ವೆಟ್, ಅದನ್ನ ಅವರು ಓದಿದ್ರಾ?"

ಇಲ್ಲ ಎಂದುಬಿಟ್ಟರೆ ಆ ಹುಡುಗಿ ನಿರಾಳವಾಗಿ ಮನೆಗೆ ಹೋಗುತ್ತಾಳೆ. ಆ ಮಾತು ಆರ್ಲಿಸ್‌ಳ ನಾಲಿಗೆಯ ತುದಿಗೆ ಬಂದೂ ಇತ್ತು.

*

ಬುಧವಾರ ಬೆಳಿಗ್ಗೆ ಲೋವೆಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಿಟಕಿಯಾಚೆ ನೋಡುತ್ತ ಕೂತಿದ್ದ. ಬ್ರೆಡ್ಡು ತಣ್ಣಗಾಗಿತ್ತು.

"ಮೈ ಸರಿಯಿಲ್ವಾ?" ಎಂದು ಆರ್ಲಿಸ್ ಕೇಳಿದ್ದಳು.

"ಒಬ್ಬಳು ಹುಡುಗಿ ಬೈದು ಬರೆದಿದ್ದಾಳೆ. ಅವಳು ಹೇಳೋದು ನಿಜ ಕಣೆ. ನೀರಿನ ಘಟಕದಲ್ಲೂ ಹಾಗೇ ಅಲ್ವಾ, ಕೆಟ್ಟಿದ್ರೆ ಬರೀತಿದ್ವಿ. ಶುದ್ಧವಾಗಿದ್ರೆ ಏನು ಬರೆಯೋದು?"

"ಶುದ್ಧವಾಗಿದೆ ಅಂತ ಬರೀಬೇಕು, ಪೆದ್ದ."

ಅವನು ಬ್ರೆಡ್ಡು ಮುಟ್ಟಲೇ ಇಲ್ಲ. ಹಾಳೆಗಳನ್ನು ಎಳೆದುಕೊಂಡು, ಪೆನ್ಸಿಲಿಗೆ ಮೊನೆ ಮಾಡಿಕೊಂಡು, ಮಧ್ಯಾಹ್ನದವರೆಗೂ ಅಲ್ಲಿಂದ ಏಳಲಿಲ್ಲ. ಅವತ್ತೇ ಸಂಜೆ ಮೆಟ್ಟಿಲ ಮೇಲಿನ ಮಂಜು ಗುಡಿಸುವಾಗ ಅವನ ಎದೆಬಡಿತ ನಿಂತುಹೋಯಿತು.

*

"ಓದಿದ," ಎಂದಳು ಆರ್ಲಿಸ್. "ನೊಂದ್ಕೊಂಡ. ತಿಂಡಿ ಸೇರಲಿಲ್ಲ ಅವತ್ತು. ಸುಳ್ಳು ಹೇಳಿ ನಿನ್ನ ಕಳಿಸೋಕೆ ನನಗೆ ಮನಸ್ಸಿಲ್ಲಮ್ಮ."

ಐಲಾ ತಲೆ ತಗ್ಗಿಸಿದಳು. ಡ್ವೇನ್ ಏನೋ ಹೇಳಹೋಗಿ ಬನ್ನು ಕಚ್ಚಿಕೊಂಡ.

"ಆದ್ರೆ ಆಮೇಲೆ ಮಧ್ಯಾಹ್ನದವರೆಗೂ ನಿಂದೇ ನೋಡ್ತಾ ಕೂತಿದ್ದ. ಏನು ಬರೆದಿದ್ದಾನೆ ನೋಡು. ಆ ಪ್ರೋಗ್ರಾಮು ನನಗಂತೂ ಒಂದಕ್ಷರ ಅರ್ಥ ಆಗಲ್ಲ, ನಾನು ಬಿಡಿಸಿ ನೋಡಿಲ್ಲ."

ಐಲಾ ಒಂದೊಂದೇ ಹಾಳೆ ಮಗುಚಿದಳು. ನಾಲ್ಕನೆಯದರ ಅಂಚಿನಲ್ಲಿ, ಅಕ್ಷರ ಕಲಿಯುವವನ ಹಾಗೆ ಒತ್ತಿ ಬರೆದಿತ್ತು: ಇದು ಚೆನ್ನಾಗಿದೆ. ಏಳನೆಯದರಲ್ಲಿ: ಇದು ನನಗೆ ಹೊಳೆಯುತ್ತಿರಲಿಲ್ಲ. ಕೊನೆಯ ಹಾಳೆಯಲ್ಲಿ ಹದಿಮೂರನೆಯ ಆಕ್ಷೇಪ.

"'ಪರೀಕ್ಷೆಗಳನ್ನೆಲ್ಲ ಯಾಕೆ ನಿಲ್ಲಿಸಿದ್ದೀಯ?'" ಎಂದು ಅವಳು ಓದಿದಳು. ಮುಖ ಕೆಂಪಾಯಿತು. "ಪ್ರೋಗ್ರಾಮಿನ ಜೊತೆಗೆ ಅದನ್ನ ಪರೀಕ್ಷಿಸೋ ತುಣುಕುಗಳೂ ಇರ್ತವೆ. ನನ್ನವಕ್ಕೆ ಹವಾಮಾನದ ಅಂಕಿ ಇಂಟರ್‌ನೆಟ್ಟಿಂದ ಬರಬೇಕು. ಪ್ರೋಗ್ರಾಮನ್ನ ಲಿನಕ್ಸಿಗೆ ಹೊಂದೋ ಹಾಗೆ ಕಟ್ಟಿ ಪರೀಕ್ಷಿಸೋ ಕಂಪ್ಯೂಟರಿಗೆ ಇಂಟರ್‌ನೆಟ್ ಇರಲ್ಲ. ಅದಕ್ಕೇ ಒಂದನ್ನೂ ಓಡಿಸದೆ ಎಲ್ಲಾ ಪಾಸು ಅಂತ ಕಳಿಸಿದ್ದೆ."

ಕೆಳಗೆ ಪೆನ್ಸಿಲಿನಲ್ಲಿ ಉದ್ದ ಪಟ್ಟಿಯಿತ್ತು. ಈ ಚಳಿಗಾಲದಲ್ಲಿ ಲೋವೆಲ್ ಹಿಂಬಾಗಿಲ ಥರ್ಮಾಮೀಟರಿನಲ್ಲಿ ನೋಡಿದ ದಿನದಿನದ ಚಳಿ. ಕೊನೆಗೆ ಒಂದು ಸಾಲು: ಊರಾಚೆಯ ಸರೋವರದಲ್ಲಿ ತೂತು ಕೊರೆದು ಅಳೆದೆ, ಹತ್ತು ಇಂಚು. ಇದನ್ನು ಇಟ್ಟುಕೊಂಡು ಪರೀಕ್ಷಿಸು, ಇಂಟರ್‌ನೆಟ್ ಬೇಕಿಲ್ಲ.

ಐಲಾ ಎದ್ದು ಕಾರಿನಿಂದ ಲ್ಯಾಪ್‌ಟಾಪ್ ತಂದಳು. ಆರ್ಲಿಸ್ ಒಂದೊಂದೇ ಅಂಕಿ ಓದಿ ಹೇಳಿದಳು, ಐಲಾ ಒತ್ತಿದಳು. ಸುತ್ತ ಹೆಂಗಸರು ಮೇಜುಬಟ್ಟೆ ಮಡಿಸತೊಡಗಿದರು. ಪರದೆಯ ಮೇಲೆ ಹಸಿರು ಚುಕ್ಕೆಗಳು ಸಾಲಾಗಿ ಮೂಡಿ, ಕೊನೆಯಲ್ಲಿ ತಪ್ಪಿದೆ ಎನ್ನುವ ಒಂದು ಕೆಂಪು ಗೆರೆ ಬಂತು.

"ಹದಿಮೂರು ಇಂಚು ಅಂತಿದೆ," ಎಂದಳು ಐಲಾ. "ಟ್ರಕ್ ಇಳಿಸಬಹುದು ಅಂತಿದೆ."

"ಹತ್ತಿಂಚಿನ ಗಡ್ಡೆ ಮೇಲೆ ನನ್ನ ಟ್ರಕ್ಕಾ? ಒಡೆದುಹೋಗತ್ತೆ!" ಡ್ವೇನ್‌ನ ನಗು ಅರ್ಧಕ್ಕೇ ನಿಂತಿತು. "ಯಾರಾದ್ರೂ ಇದನ್ನ ನಂಬಿ ಇಳಿಸಿದ್ರೆ?"

"ನಮ್ಮ ಕಡೆ ಎಲ್ಲ ಸೆಲ್ಸಿಯಸ್. ನಿಮ್ಮ ಫ್ಯಾರನ್‌ಹೀಟ್ ಕೊಟ್ಟು ನಾನು ಓಡಿಸೇ ಇರಲಿಲ್ಲ. ಮೂವತ್ತೆರಡು ಕಳೆದಿದ್ದೀನಿ, ಆಮೇಲೆ ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸೋದೇ ಮರೆತಿದ್ದೀನಿ. ಚಳಿ ಹೆಚ್ಚು ಅಂದ್ಕೊಂಡು ಗಡ್ಡೆ ದಪ್ಪ ತೋರಿಸ್ತಿದೆ."

"ಸರಿ ಮಾಡೋಕೆ ಎಷ್ಟೊತ್ತು ಬೇಕು?" ಎಂದಳು ಆರ್ಲಿಸ್.

"ಒಂದು ಗಂಟೆ. ಮನೆಗೆ ಹೋಗಿ ಮಾಡ್ತೀನಿ ಬಿಡಿ, ಇವರೆಲ್ಲ ಮುಚ್ಚಬೇಕಲ್ಲ."

"ಕೂತ್ಕೊ."

ಬಾಗಿಲ ಬಳಿ ಯಾರೋ ಒಂದೊಂದಾಗಿ ದೀಪ ಆರಿಸುತ್ತ ಬಂದರು. ಸಾಲು ಸಾಲಾಗಿ ಕತ್ತಲು ಇವರ ಮೇಜಿನವರೆಗೂ ಬಂತು. ಡ್ವೇನ್ ಎದ್ದುಹೋಗಿ, ಗೋಡೆಯ ಸ್ವಿಚ್ಚುಗಳನ್ನು ತಡಕಾಡಿ, ಅವರ ತಲೆಯ ಮೇಲಿನದೊಂದನ್ನು ಮತ್ತೆ ಹಚ್ಚಿದ.