ಭಾನುವಾರದ ವಾಯ್ಸು

ಭಾನುವಾರ ಬೆಳಿಗ್ಗೆ ಹತ್ತಾಯಿತೆಂದರೆ ನಾರಾಯಣಮ್ಮ ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಜಗಲಿಗೆ ಬಂದು ಕೂರುತ್ತಿದ್ದಳು. ಮಗನಿಗೆ ಮುಖ ಕಾಣುವುದಿಲ್ಲ, ಮಾತಷ್ಟೇ ಹೋಗುತ್ತದೆ ಎಂದು ಸೊಸೆ ಎಷ್ಟು ಸಲ ಹೇಳಿದರೂ ಕುಂಕುಮ ತಪ್ಪುತ್ತಿರಲಿಲ್ಲ. ಸೊಸೆ ಹರ್ಷಿತಾ ಎದುರಿಗೆ ಕೂತು, ಫೋನನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದು, ಮೈಕಿನ ಗುರುತಿನ ಮೇಲೆ ಹೆಬ್ಬೆರಳು ಒತ್ತಬೇಕು. ಅತ್ತೆ ಮುಗಿಸುವವರೆಗೆ ಬೆರಳು ಎತ್ತುವ ಹಾಗಿಲ್ಲ.

"ಗಟ್ಟಿಯಾಗಿ ಒತ್ತೇ. ಹೋದ್ವಾರ ಅರ್ಧಕ್ಕೇ ಬಿಟ್ಬುಟ್ಟೆ" ಎಂದು ಗದರಿಸಿದ ಮೇಲೆ ಅದೇ ಬಾಯಿ ಬೆಲ್ಲವಾಗುತ್ತಿತ್ತು. "ಲೋ ಕುಮಾರ, ಉಂಡೇನ್ಲಾ? ಕೆಂದಹಸ ಈದೈತೆ, ಹೆಣ್ಗರ. ಮುನಿಯಲ್ಲಪ್ಪನ ಟೊಮೊಟೊ ತೋಟಕ್ಕೆ ಆನೆ ಬಿದ್ದು ಕಡ್ಡಿ ಕಂಬ ಎಲ್ಲಾ ಕಿತ್ತಾಕವೆ. ನಿಮ್ಮಪ್ಪ ಮಾತ್ರೆ ನುಂಗ್ತಾ ಇಲ್ಲ, ನೀನೇ ಒಂದ್ಮಾತು ಹೇಳು. ಇನ್ನ ನಿನ್ನೆಂಡ್ರು, ಅವ್ಳು ಏಳೋವಷ್ಟೊತ್ಗೆ ಡೆಂಕಣಿಕೋಟೆ ಬಸ್ಸು ಬಂದು ಹೋಗಿರ್ತದೆ. ಸಾರ್ಗೆ ಎಷ್ಟು ಉಪ್ಪಾಕ್ಬೇಕು ಅಂತ ಮಾಲೂರ್ನಾಗೆ ಕಲಿಸ್ಲೇ ಇಲ್ಲ ಕಣ್ಲಾ. ಬಿ.ಕಾಂ. ಮಾಡವ್ಳಂತೆ, ಬಿ.ಕಾಂ."

ಹರ್ಷಿತಾಳ ಬೆರಳು ಅಲ್ಲಾಡುತ್ತಿರಲಿಲ್ಲ. ತನ್ನ ಮೇಲಿನ ದೂರನ್ನು ತಾನೇ ಒತ್ತಿಹಿಡಿದು ಗಂಡನಿಗೆ ಮುಟ್ಟಿಸುವ ಈ ಕೆಲಸ ಮಾರ್ಚ್ ತಿಂಗಳಿಂದ ನಡೆದಿತ್ತು. ಕುಮಾರೇಶ್ ಮಿಲಿಟರಿಯವನು. ವಿಶ್ವಸಂಸ್ಥೆಯ ಶಾಂತಿಪಡೆಗೆ ಆಯ್ಕೆಯಾಗಿ ಒಂದು ವರ್ಷಕ್ಕೆಂದು ದಕ್ಷಿಣ ಸೂಡಾನ್‌ಗೆ ಹೋಗಿದ್ದ. ಊರಲ್ಲಿ ಎಲ್ಲರೂ ಅದನ್ನು 'ಮಿಷನ್ನು' ಎನ್ನುತ್ತಿದ್ದರು. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಅವನು ಹೆಂಡತಿಗೆ ಹೇಳಿದ್ದು ಎರಡೇ ಮಾತು. "ಮೊದ್ಲು ಅಮ್ಮನ ಮಾತು ಕಳ್ಸು, ನಿಂದು ಆಮೇಲೆ. ಅವ್ಳಿಗೆ ಬೇಜಾರಾಗ್ಬಾರ್ದು." ಇನ್ನೊಂದು, ಕೆಟ್ಟ ಸುದ್ದಿ ಇದ್ದರೆ ತಾನು ಬರುವವರೆಗೆ ಕಾಯಬೇಕು. "ಅಲ್ಲಿ ಕೈಯಾಗೆ ಬಂದೂಕ ಇರ್ತದೆ, ತಲೇಲಿ ಮನೆ ಇರಬಾರ್ದು ಅಂತಾರೆ ನಮ್ಮ ಸಾಹೇಬ್ರು."

ಅಮ್ಮನ ಮಾತು ಮುಗಿದು ತನ್ನ ಸರದಿ ಬರುವಾಗಲೂ ಅತ್ತೆ ಅಲ್ಲೇ ಇರುತ್ತಿದ್ದಳು. ಓದಲು ಬಾರದ ನಾರಾಯಣಮ್ಮನಿಗೆ ಮೆಸೇಜು ಹೋಗುವಾಗ ಬರುವ 'ಟುಪ್' ಎಂಬ ಸದ್ದು ಚೆನ್ನಾಗಿ ಗೊತ್ತಿತ್ತು. ಅದು ಕೇಳುವವರೆಗೆ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಅವಳೆದುರು ಹರ್ಷಿತಾಳ ಬಾಯಲ್ಲಿ ಬರುತ್ತಿದ್ದುದು "ಊಟ ಆಯ್ತಾ? ಹುಷಾರು" ಅಷ್ಟೇ. ರೂಮಿನಲ್ಲಿ ಕೂತು ಟೈಪ್ ಮಾಡಲು ಹೋದರೆ ನಾಲ್ಕು ಸಾಲು ಬರೆದು ಮೂರು ಅಳಿಸುತ್ತಿದ್ದಳು. ಮೊದಲಿಂದಲೂ ಅವಳು ಹಾಗೆಯೇ. ಕಾಲೇಜಿನಲ್ಲಿ ಹಾಜರಿ ಕೂಗಿದಾಗಲೂ ಅವಳ 'ಎಸ್ ಮೇಡಂ' ಮೂರನೇ ಬೆಂಚು ದಾಟಿದ್ದಿಲ್ಲ.

ಈ ಭಾನುವಾರ ನಾರಾಯಣಮ್ಮನ ಹಣೆಯಲ್ಲಿ ಕುಂಕುಮ ಇರಲಿಲ್ಲ.

ಸಂಕ್ರಾಂತಿಗೆ ಇನ್ನು ಹತ್ತು ದಿನ. ಜಗಲಿಯ ಮೇಲೆ ಅವರೆಕಾಯಿ ರಾಶಿ ಬಿದ್ದಿತ್ತು. ಮಾವ ಚಿನ್ನಸ್ವಾಮಿ ತಲೆ ಬಗ್ಗಿಸಿ ಕಾಯಿ ಸುಲಿಯುತ್ತಿದ್ದ. ಶುಕ್ರವಾರ ಹರ್ಷಿತಾಳಿಗೆ ಹೊಸೂರಿನ ಒಂದು ಕಂಪನಿಯಿಂದ ಆರ್ಡರ್ ಬಂದಿತ್ತು, ಸ್ಟೋರಿನಲ್ಲಿ ಬಿಲ್ಲು ನೋಡುವ ಕೆಲಸ. ಸೋಮವಾರ ಸೇರಬೇಕು. ಅಂದಿನಿಂದ ಅತ್ತೆ ಅವಳ ಜೊತೆ ಮಾತು ಬಿಟ್ಟಿದ್ದಳು. ಹಸುವಿನ ಜೊತೆ, ಗೋಡೆಯ ಜೊತೆ, ಅಡುಗೆಮನೆಯ ಪಾತ್ರೆಗಳ ಜೊತೆ ಮಾತ್ರ ಮಾತಾಡುತ್ತಿದ್ದಳು. ಇಂದು ನೇರವಾಗಿ ಸೊಸೆಯ ಮುಖ ನೋಡಿ ಅಂದಳು.

"ತಗೊಂಬಾ ಫೋನ. ಇವತ್ತು ಅವ್ನಿಗೆ ಎಲ್ಲಾನೂ ಹೇಳ್ಬುಡ್ತೀನಿ. ಕೂಸಿನ ವಿಷ್ಯಾನೂ. ಆಮೇಲೆ ನಾಳೆ ಕಂಪ್ನಿ ಬಸ್ಸು ಅದೆಂಗತ್ತೀಯೋ ನೋಡ್ತೀನಿ."

ಹರ್ಷಿತಾ ಫೋನು ತಂದು ಎದುರಿಗೆ ಕೂತಳು.

ಕುಮಾರೇಶ್ ಸೆಪ್ಟೆಂಬರಿನಲ್ಲಿ ಇಪ್ಪತ್ತು ದಿನ ರಜೆಗೆ ಬಂದು ಹೋಗಿದ್ದ. ಅಕ್ಟೋಬರ್ ಕೊನೆಗೆ ಹರ್ಷಿತಾಳಿಗೆ ಒಗ್ಗರಣೆ ವಾಸನೆ ಆಗದಾಯಿತು. ಮೊದಲು ಕಂಡುಹಿಡಿದವಳು ನಾರಾಯಣಮ್ಮನೇ. ಅಂದು ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದಳು, ತುಪ್ಪ ಹಾಕಿದಳು, ಬಾಗಿಲು ಹಾಕಿ ಬಂದು ಮೆಲ್ಲಗೆ ಅಂದಳು. "ಮೂರ್ ತಿಂಗ್ಳು ತುಂಬೋಗಂಟ ಯಾರ ಮುಂದೂ ಬಾಯಿ ಬಿಡಂಗಿಲ್ಲ. ನಿಮ್ಮಮ್ಮಂಗೂ ಬ್ಯಾಡ, ಕುಮಾರಂಗೂ ಬ್ಯಾಡ. ಕಣ್ಣು ಬೀಳ್ತದೆ. ತುಂಬಿದ್ಮೇಲೆ ನನ್ ಬಾಯಿಂದಾನೇ ಅವ್ನಿಗೆ ಹೇಳ್ತೀನಿ." ಹರ್ಷಿತಾ ತಲೆಯಾಡಿಸಿದ್ದಳು. ತಲೆಯಾಡಿಸುವುದು ಅವಳಿಗೆ ಯಾವಾಗಲೂ ಸುಲಭ.

ನವೆಂಬರ್ ಕೊನೆಗೆ ರಾಗಿ ಕೊಯ್ಲು ಬಂತು. ಆನೆಗಳು ಕಾಡಿನ ಅಂಚಿಗೆ ಬಂದಿವೆ ಎಂದು ಸುದ್ದಿ. ತೆನೆಯೆಲ್ಲ ನಾಲ್ಕೇ ದಿನದಲ್ಲಿ ಕಣ ಸೇರಬೇಕು. ಊರಿನಲ್ಲಿ ಮುಯ್ಯಿ ಪದ್ಧತಿ, ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು. "ನೀನು ಮನ್ಯಾಗೆ ಕೂತ್ರೆ ಬೈರಮ್ಮ ಸುಮ್ಕಿರ್ತಾಳಾ? ಒಂದೇ ಗಳಿಗೇಲಿ ಊರೆಲ್ಲಾ ಲೆಕ್ಕ ಹಾಕ್ಬುಡ್ತದೆ. ಬಾ, ಕುಡುಗೋಲು ತಗೋ" ಎಂದಳು ಅತ್ತೆ. ಗುಟ್ಟು ಉಳಿಯಲೆಂದು ಹರ್ಷಿತಾ ಎಲ್ಲರ ಹಾಗೆ ಬಗ್ಗಿದಳು, ಎಲ್ಲರ ಹಾಗೆ ಹೊರೆ ಹೊತ್ತಳು. ಪಕ್ಕದ ಮನೆಯ ಬೈರಮ್ಮನೇ ಹೊರೆ ಎತ್ತಿ ಅವಳ ತಲೆ ಮೇಲಿಟ್ಟು, "ಮಾಲೂರ್ ಹುಡ್ಗಿ ಪರ್ವಾಗಿಲ್ಲ" ಎಂದು ಹೊಗಳಿದ್ದಳು.

ಬಸಿರು ಹನ್ನೊಂದನೇ ವಾರಕ್ಕೆ ಹೋಯಿತು. ಊರವರಿಗೆ ಜ್ವರ ಎಂದು ಹೇಳಿ ಹೊಸೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ತಮಿಳಿನಲ್ಲಿ "ಯಾರ್ ತಪ್ಪುಂ ಇಲ್ಲೈಮ್ಮಾ" ಎಂದಿದ್ದರು. ಹರ್ಷಿತಾಳಿಗೆ ತಮಿಳು ಅಷ್ಟಕ್ಕಷ್ಟೇ, ಆದರೂ ಯಾರ ತಪ್ಪೂ ಅಲ್ಲ ಎಂಬ ಆ ಮಾತು ತಿಳಿಯಿತು. ಕೆಲಸ ಕೇಳಲು ಹೊಸೂರಿಗೆ ಸ್ಕೂಟಿ ಓಡಿಸಿಕೊಂಡು ಬಂದಿದ್ದನ್ನು ಕೇಳಿದಳು, ಹೊರೆ ಹೊತ್ತಿದ್ದನ್ನು ಕೇಳಿದಳು. ಎರಡಕ್ಕೂ ಡಾಕ್ಟರಮ್ಮ ತಲೆಯಾಡಿಸಿ ಇಲ್ಲವೆಂದರು. ಮೊದಮೊದಲು ಹೀಗೆ ಎಷ್ಟೋ ಜನಕ್ಕೆ ಆಗುತ್ತದೆ ಎಂದರು. ಆ ಹೊತ್ತಿಗೆ ನಾರಾಯಣಮ್ಮ ಹೊರಗೆ ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಒಳಗೆ ಬಂದಾಗ ಅವಳ ಬಾಯಿಂದ ಬಂದ ಮೊದಲ ಮಾತು, "ಹೊರೆ ವಿಷ್ಯ ಕುಮಾರನ ಕಿವಿಗೆ ಬೀಳ್ಬಾರ್ದು" ಎಂದು.

ಆಮೇಲೆ ನಾಲ್ಕು ಭಾನುವಾರ ಕಳೆದವು. ಮಾರ್ಚಿನಲ್ಲಿ ಅವನು ಬಂದಾಗ ಎದುರು ಕೂತು ತಾನೇ ಹೇಳಬೇಕೆಂದು ಹರ್ಷಿತಾ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದಳು. ಅವಳಲ್ಲಿ ಉಳಿದದ್ದು ಅದೊಂದೇ.

"ಅತ್ತೆ, ಈಗ ಬೇಡ. ಅವರು ಬರ್ಲಿ, ನಾನೇ ಹೇಳ್ತೀನಿ" ಎಂದಳು.

"ನೀನೇಳ್ತೀಯಾ? ಏನಂತ ಏಳ್ತೀಯಾ? ನಮ್ಮತ್ತೆ ಹೊರೆ ಹೊರ್ಸಿದ್ಲು ಅಂತ ತಾನೆ?" ನಾರಾಯಣಮ್ಮ ಅವರೆಕಾಯಿಯ ಮೊರವನ್ನು ಆಚೆ ತಳ್ಳಿದಳು. "ಅವ್ನ ಕಿವಿಗೆ ಮೊದ್ಲು ಬೀಳೋದು ನನ್ ಮಾತು. ಒತ್ತು."

"ಬಿಡೇ ಅತ್ಲಾಗೆ" ಎಂದ ಚಿನ್ನಸ್ವಾಮಿ, ತಲೆ ಎತ್ತದೆ.

"ನೀವು ಸುಮ್ಕಿರಿ. ಕಾಯಿ ಸುಲೀರಿ."

ಹರ್ಷಿತಾ ಒತ್ತಿದಳು. ಹತ್ತು ತಿಂಗಳ ಅಭ್ಯಾಸ, ಬೆರಳು ತಾನಾಗಿ ಹೋಯಿತು.

"ಲೋ ಕುಮಾರ, ಕೇಳಿಸ್ಕೋ. ನಿನ್ನೆಂಡ್ರು ಬಸ್ರಿ ಆಗಿದ್ಲು ಕಣ್ಲಾ. ಮೂರ್ ತಿಂಗ್ಳು ತುಂಬ್ಲಿ ಅಂತ ನಾನೇ ಸುಮ್ಕಿದ್ದೆ. ಇವ್ಳು ನೆಟ್ಗಿದ್ದಿದ್ರೆ ಈ ಹಬ್ಬಕ್ಕೆ ಬಾಯ್ತುಂಬಾ ಹೇಳ್ತಿದ್ದೆ. ಎಲ್ಲಿ? ಕಂಪ್ನಿ ಕೆಲ್ಸ ಬೇಕು ಅಂತ ಸ್ಕೂಟಿ ಹತ್ಕೊಂಡು ಹೊಸೂರ್ಗೆ ಮೆರೆಯಕ್ಕೋದ್ಲು. ಆ ಗುಂಡಿ ರೋಡ್ನಾಗೆ. ನಮ್ಮ ಕೂಸ್ನ ಕಳ್ಕೊಂಡು..."

ಹೆಬ್ಬೆರಳು ಎಡಕ್ಕೆ ಸರಿಯಿತು. ಪರದೆಯ ಮೇಲಿನ ಮೈಕು ಕಸದ ಡಬ್ಬಿಗೆ ಬಿದ್ದು ಮಾಯವಾಯಿತು.

ನಾರಾಯಣಮ್ಮ ಮಾತು ಮುಗಿಸಿ, ಮೂಗು ಸೀಟಿ, ಕಾದಳು. ಚಿನ್ನಸ್ವಾಮಿಯ ಕೈಯಲ್ಲಿ ಒಂದು ಕಾಯಿ ಬಿರಿದ ಸದ್ದಾಯಿತು. ಇನ್ನೇನೂ ಇಲ್ಲ.

"ಟುಪ್ ಅನ್ಲಿಲ್ಲ."

ಹರ್ಷಿತಾ ಫೋನನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಏನೇ ಮಾಡ್ದೆ? ಅಳಿಸ್ಬುಟ್ಯಾ? ನನ್ ಮಗಂಗೆ ನಾನು ಆಡಿದ್ ಮಾತ ಅಳ್ಸೋಕೆ ನೀನ್ಯಾರೇ? ಇಷ್ಟು ದಿನ್ವೂ ಹಿಂಗೇ ಮಾಡ್ತಿದ್ದೇನೋ, ಯಾವಳ್ಗೊತ್ತು!"

"ಇಷ್ಟು ದಿನ ಎಲ್ಲಾನೂ ಕಳ್ಸಿದೀನಿ ಅತ್ತೆ. ಉಪ್ಪಿಂದೂ, ನಿದ್ದೇದೂ, ಎಲ್ಲಾ. ಇದೊಂದು ಕಳ್ಸಲ್ಲ."

"ಬಾಯಿ ಬಂತು ನೋಡ್ರಿ! ಆರ್ಡ್ರು ಬಂದಿದ್ದೇ ತಡ ಬಾಯೂ ಬಂತು." ನಾರಾಯಣಮ್ಮ ಎದ್ದು ನಿಂತಳು. ಮಡಿಲಲ್ಲಿದ್ದ ಅವರೆಕಾಳು ನೆಲದ ಮೇಲೆಲ್ಲ ಉರುಳಿದವು. "ನಿನ್ ಫೋನೊಂದೇನಾ ಊರ್ನಾಗಿರೋದು? ಬೈರಮ್ಮನ ಮನೇಲಿ ಐತೆ. ಅಲ್ಲೇ ಹೋಗಿ ಹೇಳ್ತೀನಿ."

"ಹೋಗಿ" ಎಂದಳು ಹರ್ಷಿತಾ. "ಬೈರಮ್ಮನ ಮುಂದೇನೇ ಹೇಳಿ. ಹೊರೆ ಎತ್ತಿ ನನ್ನ ತಲೆ ಮೇಲೆ ಇಟ್ಟೋರು ಅವರೇ. ಅವತ್ತಿಗೆ ಎಷ್ಟನೇ ವಾರ ಅಂತ ಅವರೇ ಲೆಕ್ಕ ಹಾಕ್ತಾರೆ."

ಜಗಲಿಯಿಂದ ಇಳಿದಿದ್ದ ನಾರಾಯಣಮ್ಮನ ಕಾಲು ಅಂಗಳದಲ್ಲೇ ನಿಂತಿತು. ಅವಳು ತಿರುಗಿ ನೋಡಿದ ನೋಟಕ್ಕೆ ಬೇರೆ ದಿನವಾಗಿದ್ದರೆ ಹರ್ಷಿತಾ ಒಳಗೆ ಓಡುತ್ತಿದ್ದಳು. ಓಡಿದರೆ ಏನಾಗುತ್ತದೆ ಎಂಬುದು ಅವಳಿಗೆ ಸ್ಪಷ್ಟವಾಗಿತ್ತು. ಇಂದಲ್ಲದಿದ್ದರೆ ಮುಂದಿನ ಭಾನುವಾರ, ಈ ಬಾಯಲ್ಲದಿದ್ದರೆ ಇನ್ನೊಂದು ಬಾಯಿ. ಮಾರ್ಚಿಗೆಂದು ಇಟ್ಟುಕೊಂಡಿದ್ದ ಮಾತು ಮಾರ್ಚಿನವರೆಗೆ ಉಳಿಯುವುದಿಲ್ಲ. ಸಾಹೇಬರ ಮಾತು, ಬಂದೂಕು, ಎಲ್ಲ ಒಂದು ಸಲ ಕಣ್ಣ ಮುಂದೆ ಬಂದವು. ಅವಳು ಮೈಕು ಒತ್ತಿದಳು. ಬೆರಳನ್ನು ಮೇಲಕ್ಕೆ ಸರಿಸಿದಳು. ಪರದೆಯ ಮೇಲೆ ಪುಟ್ಟ ಬೀಗ ಬಿತ್ತು. ಒತ್ತಿ ಹಿಡಿಯಲೇಬೇಕೆಂದಿಲ್ಲ, ಹೀಗೂ ಮಾಡಬಹುದೆಂದು ಅವಳಿಗೆ ಮೊದಲಿಂದ ಗೊತ್ತಿತ್ತು. ಅತ್ತೆಗೆ ಹೇಳಿರಲಿಲ್ಲ. ಫೋನನ್ನು ಅವರೆಸಿಪ್ಪೆಗಳ ನಡುವೆ ಇಟ್ಟು, ಕೈ ಕಟ್ಟಿಕೊಂಡು ಮಾತಾಡಿದಳು.

"ರೀ, ನಾನು ಹರ್ಷಿತಾ. ಒಬ್ಬರೇ ಇರುವಾಗ ಕೇಳಿ. ನಮಗೊಂದು ಮಗು ಆಗೋದಿತ್ತು."

"ನಿಲ್ಸೇ! ನಿಲ್ಸು ಅಂದೆ!" ನಾರಾಯಣಮ್ಮ ಮೆಟ್ಟಿಲು ಹತ್ತಿ ಬಂದಳು.

"ಡಿಸೆಂಬರ್‌ನಲ್ಲಿ ಹನ್ನೊಂದನೇ ವಾರಕ್ಕೆ ಹೋಯ್ತು. ಮೂರು ತಿಂಗಳು ಹೇಳ್ಬಾರ್ದು ಅಂತ ಇತ್ತು, ಅದಕ್ಕೆ ನಿಮಗೆ ಗೊತ್ತಿಲ್ಲ. ನಾನು ಸ್ಕೂಟಿ ಓಡ್ಸಿದ್ದೂ ನಿಜ. ರಾಗಿ ಹೊರೆ ಹೊತ್ತಿದ್ದೂ ನಿಜ."

"ಅಯ್ಯಯ್ಯೋ, ಹೇಳೇಬುಟ್ಲು! ಲೋ ಕುಮಾರ, ಊರ್ನೋರ ಕಣ್ಣು ತಪ್ಸೋಕೆ ಕಣ್ಲಾ ನಾನು..."

"ಎರಡೂ ಕಾರಣ ಅಲ್ಲ ಅಂದ್ರು ಡಾಕ್ಟರು. ಯಾರ ತಪ್ಪೂ ಅಲ್ಲ ಅಂದ್ರು. ನಿಮ್ಮಮ್ಮಂದೂ ಅಲ್ಲ. ನಂದೂ ಅಲ್ಲ. ನಿಮ್ಮಮ್ಮನ ಬಾಯಿಂದ ಇದನ್ನ ನೀವು ಕೇಳೋದು ನನಗೆ ಬೇಕಿರ್ಲಿಲ್ಲ, ಅದಕ್ಕೆ ಹೇಳ್ತಿದೀನಿ. ಅಷ್ಟೇ."

ಅತ್ತೆಯ ಕೈ ಫೋನಿನ ಕಡೆ ಬರುವ ಮೊದಲೇ ಅವಳ ಬೆರಳು ಹೋಯಿತು.

ಟುಪ್.

ಆ ಸದ್ದಿಗೆ ನಾರಾಯಣಮ್ಮನ ಕೈ ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಕಂಬಕ್ಕೆ ಒರಗಿ ಕೂತಳು. "ಹೊರೆ ವಿಷ್ಯ ಯಾಕೇ ಹೇಳ್ದೆ" ಎಂದಳು. ಆಮೇಲೆ ಗಟ್ಟಿಯಾಗಿ, "ಇನ್ನ ಈ ಮನ್ಯಾಗೆ ನನ್ ಕೈಯಿಂದ ನಿಂಗೊಂದು ತುತ್ತು ಬೀಳಲ್ಲ, ತಿಳ್ಕೋ."

ಚಿನ್ನಸ್ವಾಮಿ ಎದ್ದು ಹಸುವಿಗೆ ನೀರು ತೋರಿಸಲು ಹೋದ. ಅವನು ಕುಡಿಸಿ ಮುಗಿಸಿದರೂ ಜಗಲಿಗೆ ಬರಲಿಲ್ಲ, ಕೊಟ್ಟಿಗೆಯಲ್ಲೇ ನಿಂತ. ಹರ್ಷಿತಾ ಉರುಳಿದ ಕಾಳುಗಳನ್ನು ಒಂದೊಂದಾಗಿ ಆರಿಸಿದಳು. ಕುಮಾರೇಶ್ ಇರುವ ಕಡೆ ಈಗ ಬೆಳಿಗ್ಗೆ ಏಳು ಗಂಟೆ. ಹಾಜರಿ ಮುಗಿಸಿ ಅವನು ಫೋನು ಕೈಗೆತ್ತಿಕೊಳ್ಳುವ ಹೊತ್ತು. ಮೆಸೇಜಿನ ಕೆಳಗಿನ ಎರಡು ಗೀಟು ಬೂದಿ ಬಣ್ಣದಲ್ಲಿದ್ದವು. ಆಮೇಲೆ ನೀಲಿಯಾದವು. ಎರಡು ನಿಮಿಷ ಕಳೆದವು. ಅವನು ಎರಡು ಸಲ ಕೇಳಿರಬೇಕು.

ಫೋನು ಬಡಿದುಕೊಂಡಿತು.

"ಕೊಡಿಲ್ಲಿ" ಎಂದು ನಾರಾಯಣಮ್ಮ ಕೈ ಚಾಚಿದಳು. "ನಾನ್ ಮೊದ್ಲು."

ಹರ್ಷಿತಾ ಫೋನು ಎತ್ತಿಕೊಂಡು ಜಗಲಿ ಇಳಿದಳು. ಅಂಗಳ ದಾಟಿ ಕಣದ ಕಡೆ ನಡೆದಳು. ಹಿಂದಿನಿಂದ ಅತ್ತೆ, ಸೂಡಾನ್‌ಗೆ ಅಲ್ಲಿಂದಲೇ ಕೇಳಲಿ ಎಂಬಂತೆ, "ಕುಮಾರಾ, ಅವ್ಳ ಮಾತು ನಂಬಬ್ಯಾಡ ಕಣ್ಲಾ" ಎಂದು ಕೂಗಿದಳು.

ಅತ್ತ ಕಡೆಯಿಂದ ಕುಮಾರೇಶನ ದನಿ, ಬಿಗಿಯಾಗಿ. "ಒಂದ್ ತಿಂಗ್ಳಾಯ್ತು. ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು? ನಾನೇನ್ ಹೊರಗಿನೋನಾ?"

ಬಣವೆಯ ನೆರಳಿಗೆ ಬಂದಿದ್ದ ಹರ್ಷಿತಾಳಿಗೆ ಮೊದಲ ಸಲ ಅವನ ಮೇಲೂ ಸಿಟ್ಟು ಬಂತು.

"ನೀವೇ ಹೇಳಿದ್ರಲ್ಲ. ಅಮ್ಮಂದು ಮೊದ್ಲು, ನಿಂದು ಆಮೇಲೆ ಅಂತ. ಅಮ್ಮಂದು ಮುಗೀಲೇ ಇಲ್ಲ."

ಅಲ್ಲೆಲ್ಲೋ ಒಂದು ಜೀಪು ಸ್ಟಾರ್ಟ್ ಆಯಿತು, ಯಾರೋ ಅವನ ಹೆಸರು ಹಿಡಿದು ಕರೆದರು. ಬರುತ್ತೇನೆ ಎಂದು ಅವನು ಹಿಂದಿಯಲ್ಲಿ "ಆತಾ ಹೂಂ" ಎಂದು ಕೂಗಿ ಹೇಳಿದ. ಆದರೆ ಹೋಗಲಿಲ್ಲ.

"ಹೇಳು" ಎಂದ. ದನಿ ಇನ್ನೂ ಬಿಗಿಯಾಗಿಯೇ ಇತ್ತು. "ಮೊದ್ಲಿಂದ ಹೇಳು."

ಅವಳು ಹೊಸ ಹುಲ್ಲಿನ ಮೇಲೆ, ಮನೆಗೆ ಬೆನ್ನು ಮಾಡಿ ಕೂತಳು. ಒಗ್ಗರಣೆ ವಾಸನೆ ಆಗದ ದಿನದಿಂದ ಶುರು ಮಾಡಿದಳು. ಜಗಲಿಯಿಂದ ನಾರಾಯಣಮ್ಮ ಇನ್ನೂ ಕೂಗುತ್ತಲೇ ಇದ್ದಳು, ಫೋನು ತಾ ಎಂದು, ಹೊರೆ ಚಿಕ್ಕದಿತ್ತು ಎಂದು. ಹರ್ಷಿತಾ ಫೋನನ್ನು ಆಚೆ ಕಿವಿಗೆ ಬದಲಿಸಿಕೊಂಡು ಮಾತು ಮುಂದುವರಿಸಿದಳು.